ಆರಿಂಗೆ?

ಕೇರಳದ ಗಡಿಯೊಳಗಿರುವ ಕಾರಡ್ಕದಂಥ ಊರಲ್ಲಿ ಕಂಪ್ಯೂಟರು ಗೊತ್ತಿದ್ದವನೆಂದರೆ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಕಾಗದ ಬಿಡಿಸುವುದರಿಂದ ಹಿಡಿದು ಉಪನಯನದ ಆಮಂತ್ರಣ ಅಚ್ಚಿಗೆ ಕೂರಿಸುವವರೆಗೆ ಎಲ್ಲದಕ್ಕೂ ಬಾಧ್ಯಸ್ಥ. ಇದರ ಮೇಲೆ ಇಲ್ಲಿಯ ಒಂದು ಸಂಸ್ಥೆಯವರು "ನಮ್ಮ ಇಮೇಲಿಗೊಂದು ಗೇಟ್‌ವೇ ಮಾಡಿ ಕೊಡಿ" ಎಂದರು. ಅವರಲ್ಲಿ ಸರ್ವರುಗಳು ಎರಡು. ಒಂದು ಕಾರಡ್ಕದ ಕಚೇರಿಯಲ್ಲಿ, ಇನ್ನೊಂದು ಮುಳ್ಳೇರಿಯದ ಶಾಖೆಯಲ್ಲಿ, ಅಡಿಕೆ ಗೋಣಿಗಳ ಪಕ್ಕ. ಎರಡಕ್ಕೂ ಮನೆಗಳಿಗೆ ಕೊಡುವಂಥದೇ ಸಾಧಾರಣ ಬ್ರಾಡ್‌ಬ್ಯಾಂಡ್. ಕರೆಂಟು ಹೋಗಿ ಬಂದಾಗಲೆಲ್ಲ ಐಪಿ ವಿಳಾಸ ಬದಲಾಗುತ್ತದೆ; ಇಮೇಲ್ ಓಡಾಡುವ 25ನೇ ನಂಬರಿನ ಪೋರ್ಟನ್ನು ಇಂಥ ಸಂಪರ್ಕಗಳಲ್ಲಿ ಹೆಚ್ಚಾಗಿ ಮೊದಲೇ ಮುಚ್ಚಿರುತ್ತಾರೆ. ಕಾಯಂ ವಿಳಾಸವಿಲ್ಲದವರ ಇಮೇಲನ್ನು ದೊಡ್ಡ ಕಂಪನಿಗಳು ಮೂಸಿಯೂ ನೋಡುವುದಿಲ್ಲ. ಹಾಗಾಗಿ ದೂರದ ಡೇಟಾ ಸೆಂಟರಿನಲ್ಲಿ ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿಯಬೇಕು, ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್‌ನ ಎಂಎಕ್ಸ್ ದಾಖಲೆಯಲ್ಲಿ ಅದರ ಹೆಸರು ಬರೆಯಬೇಕು. ಅದೇ ಗೇಟ್‌ವೇ. ಲೋಕದ ಇಮೇಲೆಲ್ಲ ಮೊದಲು ಅಲ್ಲಿಗೆ ಬಂದು, ವಿಪಿಎನ್ ಮೂಲಕ ನಮ್ಮ ಕಾರಡ್ಕಕ್ಕೋ ಮುಳ್ಳೇರಿಯಕ್ಕೋ ಇಳಿಯುತ್ತದೆ.

ಇದನ್ನೆಲ್ಲ ಮನೆಯಲ್ಲಿ ಅಪ್ಪಚ್ಚಿಗೆ, ಎಂದರೆ ಚಿಕ್ಕಪ್ಪನಿಗೆ, ಹೇಳಬೇಕಾಗಿ ಬಂತು. ಅಪರಾತ್ರಿವರೆಗೆ ಲ್ಯಾಪ್‌ಟಾಪಿನ ಮುಂದೆ ಕೂತವನ ಬಗ್ಗೆ ಅವರಿಗೆ ಸದಾ ಒಂದು ಗುಮಾನಿ.

"ನಿಂಗೊ ಜೆಗಿಲಿಲಿ ಕೂಪ ಹಾಂಗೆ ಒಂದು ಮಿಶನಿನ ಕೂರುಸುತ್ತಾ ಇದ್ದೆ ಅಪ್ಪಚ್ಚಿ."

"ಅದಕ್ಕೆ ಸಂಬಳ ಎಷ್ಟು?"

ತಮಾಷೆಗೆ ಹೇಳಿದ್ದಲ್ಲ. ಎಲೆ ತಟ್ಟೆಯನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತ ಅಪ್ಪಚ್ಚಿಯನ್ನು ದಾಟಿ ಒಳಗೆ ಹೋಗಬೇಕಾದರೆ ಯಾರೇ ಆಗಲಿ ಮೂರು ಪ್ರಶ್ನೆಗೆ ಉತ್ತರ ಕೊಡಬೇಕು. ಎಲ್ಲಿಂದ ಬಂದದು? ಆರು ಕಳ್ಸಿದ್ದು? ಆರಿಂಗೆ? ಮೂರೂ ಸರಿಯಾದ ಮೇಲೆಯೇ ಕೈಯಲ್ಲಿರುವ ಕಟ್ಟಿನಲ್ಲಿ ಏನಿದೆ ಎಂಬ ವಿಚಾರ. 1982ರಲ್ಲಿ ಜಾನ್ ಪೋಸ್ಟೆಲ್ ಎಂಬ ಗಡ್ಡದ ಮಹಾಶಯ ಬರೆದಿಟ್ಟ ಎಸ್‌ಎಂಟಿಪಿ ನಿಯಮಾವಳಿಯೂ ಇದೇ. ಬಂದ ಸರ್ವರು ಮೊದಲು 'ಹೆಲೋ' ಎಂದು ತನ್ನ ಊರು ಹೇಳಬೇಕು, ಆಮೇಲೆ ಕಳಿಸಿದವರ ಹೆಸರು, ಆಮೇಲೆ ತಲುಪಬೇಕಾದವರ ಹೆಸರು. ಪ್ರತಿಯೊಂದಕ್ಕೂ 250 ಎಂಬ ಹೂಂಗುಟ್ಟುವಿಕೆ ಸಿಕ್ಕಿದ ಮೇಲೆಯೇ ಒಕ್ಕಣೆ.

ಗುರುತಿಲ್ಲದ ಸೇಲ್ಸ್‌ಮನ್‌ಗಳಿಗೆ ಅಪ್ಪಚ್ಚಿ "ಈಗ ಪುರುಸೊತ್ತಿಲ್ಲೆ, ಮತ್ತೆ ಬಾ" ಎನ್ನುತ್ತಾರೆ. ನಿಜವಾಗಿ ಕೆಲಸವಿದ್ದವನು ಮತ್ತೆ ಬರುತ್ತಾನೆ, ಮಿಕ್ಸಿ ಮಾರುವವನು ಮುಂದಿನ ಮನೆಗೆ ಹೋಗುತ್ತಾನೆ. ಇಮೇಲಿನವರು ಈ ಉಪಾಯವನ್ನು 2003ರಲ್ಲಿ ಕಂಡುಹಿಡಿದು ಗ್ರೇಲಿಸ್ಟಿಂಗ್ ಎಂದು ಹೆಸರಿಟ್ಟರು. ಅಪ್ಪಚ್ಚಿ ಅದಕ್ಕೂ ಎಷ್ಟೋ ಮೊದಲಿನಿಂದ ಮಾಡಿಕೊಂಡು ಬಂದಿದ್ದಾರೆ, ಹೆಸರಿಟ್ಟಿರಲಿಲ್ಲ ಅಷ್ಟೇ.

ಹಿಂದೆ ಹೀಗಿರಲಿಲ್ಲ. 1980ರ ದಶಕದಲ್ಲಿ ಯಾರ ಇಮೇಲನ್ನಾದರೂ ಯಾವ ಸರ್ವರಾದರೂ ಮುಂದೆ ದಾಟಿಸಿಬಿಡುತ್ತಿತ್ತು. ಅದು ಆಗಿನ ಸೌಜನ್ಯ. ಆ ಸೌಜನ್ಯವನ್ನು ಸ್ಪ್ಯಾಮಿನವರು ಉಂಡು ತೇಗಿದ ಮೇಲೆ, 1998ರಲ್ಲಿ ಸೆಂಡ್‌ಮೇಲ್ ಎಂಬ ಇಮೇಲ್ ತಂತ್ರಾಂಶ ತನ್ನ 8.9ನೇ ಆವೃತ್ತಿಯಲ್ಲಿ ಈ ಧರ್ಮಕಾರ್ಯ ನಿಲ್ಲಿಸಿತು. ಅದೇ ವರ್ಷ ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಬರೆದ ಅಂಥದೇ ತಂತ್ರಾಂಶ ಪೋಸ್ಟ್‌ಫಿಕ್ಸ್ ಹೊರಬಂತು. ನಾನು ಹಾಕಿದ್ದು ಅದನ್ನೇ.

ಹಾಕಿದ್ದು ಒಂದು ಮಧ್ಯಾಹ್ನದ ಕೆಲಸ. ಒಳಗೆ ಯಾರ್ಯಾರು ಇದ್ದಾರೆಂದು ಅದಕ್ಕೆ ಹೇಳಿಕೊಡಲು ಮಳೆಗಾಲದ ಆಟಿ ತಿಂಗಳು ಇಡೀ ಹೋಯಿತು. ಹೇಳಿಕೊಡದೆ ಉಪಾಯವಿಲ್ಲ. ಮನೆಯವರ ಪಟ್ಟಿ ಇಲ್ಲದ ಗೇಟ್‌ವೇ ಬಂದದ್ದನ್ನೆಲ್ಲ ತೆಗೆದುಕೊಳ್ಳುತ್ತದೆ, ಒಳಗಿನ ಸರ್ವರು "ಅಂಥವರು ಇಲ್ಲಿಲ್ಲ" ಎನ್ನುತ್ತದೆ, ಆಗ ವಾಪಸು ಕಳಿಸುವ ಹೊಣೆ ಗೇಟ್‌ವೇಯ ತಲೆಗೆ. ಸ್ಪ್ಯಾಮಿನಲ್ಲಿ ಕಳಿಸಿದವರ ಹೆಸರೇ ಕಳ್ಳ ಹೆಸರು. ಹಾಗಾಗಿ ವಾಪಸಾದ ಕಸವೆಲ್ಲ ಯಾರೋ ಪಾಪದವರ ಮನೆಯಂಗಳದಲ್ಲಿ ಬೀಳುತ್ತದೆ, ಕಪ್ಪುಪಟ್ಟಿಯಲ್ಲಿ ನಮ್ಮ ಹೆಸರು ಬೀಳುತ್ತದೆ. ಬಾಗಿಲಲ್ಲೇ 550, ಅಂದರೆ 'ಇಲ್ಲ', ಎಂದುಬಿಟ್ಟರೆ ತಾಪತ್ರಯವಿಲ್ಲ.

ಕಚೇರಿಯವರು ಕೊಟ್ಟ ಪಟ್ಟಿಯಲ್ಲಿ ನಿವೃತ್ತರಾದವರು ಇದ್ದರು, ಕೆಲಸ ಬಿಟ್ಟು ಗಲ್ಫಿಗೆ ಹೋದವರು ಇದ್ದರು, ಕಾರ್ಯದರ್ಶಿಗಳು ಮಾತ್ರ ಇರಲಿಲ್ಲ. ಕೇಳಿದರೆ "ನನ್ನದು ಎಲ್ಲರಿಗೂ ಗೊತ್ತುಂಟಲ್ಲ" ಎಂದರು. ಅದಕ್ಕಿಂತ ದೊಡ್ಡ ಪಜೀತಿ ಶ್ರೀಧರ ಎಂಬ ಗುಮಾಸ್ತರದು. ಕನ್ನಡ ಶಾಲೆಯ ಮಾಸ್ತರರು ಅವರ 'ಶ್ರೀ'ಗೆ ಇಂಗ್ಲಿಷಿನಲ್ಲಿ ಎಸ್‌ಎಚ್‌ಆರ್‌ಐ ಎಂದು ಬರೆದಿದ್ದರು, ಬ್ಯಾಂಕು ಎಸ್‌ಆರ್‌ಐ ಎಂದಿತು, ಮಲಯಾಳದಲ್ಲಿ ವ್ಯವಹರಿಸುವ ಕಚೇರಿಗಳು ಎಸ್‌ಆರ್‌ಇಇ ಎಂದು ಕೊನೆಗೊಂದು ಎನ್ ಕೂಡ ಸೇರಿಸಿ ಅವರನ್ನು ಶ್ರೀಧರನ್ ಮಾಡಿದವು. ಎಲ್ಲ ಹೆಸರಿಗೂ ಇಮೇಲ್ ಬರುತ್ತದೆ, ಎಲ್ಲವೂ ಅವರಿಗೇ ಮುಟ್ಟಬೇಕು. ಗಡಿನಾಡಿನಲ್ಲಿ ಒಬ್ಬ ಮನುಷ್ಯನಿಗೆ ಕಡಿಮೆಯೆಂದರೆ ಮೂರು ಏಲಿಯಾಸ್ ಬೇಕು ಎಂದು ಪೋಸ್ಟ್‌ಫಿಕ್ಸಿನ ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ.

ಒಳಗಿನ ಸರ್ವರಿನ ಹೆಸರನ್ನು ಚೌಕ ಆವರಣದೊಳಗೆ ಬರೆಯಬೇಕೆಂದು ಮಾತ್ರ ಬರೆದಿದೆ. ಇಲ್ಲದಿದ್ದರೆ ಗೇಟ್‌ವೇ ಮತ್ತೆ ಎಂಎಕ್ಸ್ ಹುಡುಕಿ, ಅಲ್ಲಿ ತನ್ನದೇ ಹೆಸರು ಕಂಡು ಕಂಗಾಲಾಗುತ್ತದೆ.

ಒಳಗಿನ ಸರ್ವರು ಮಲಗಿದ್ದರೆ ಬಂದ ಇಮೇಲನ್ನು ಪೋಸ್ಟ್‌ಫಿಕ್ಸ್ ಐದು ದಿನ ಇಟ್ಟುಕೊಂಡು, ನಡುನಡುವೆ ಬಾಗಿಲು ತಟ್ಟುತ್ತಿರುತ್ತದೆ. ವೆನೆಮಾ ಅವರು ಈ ಕಡೆಯ ಮಳೆಗಾಲ ಕಂಡಿರಲಿಕ್ಕಿಲ್ಲ. ಗಾಳಿಗೆ ರಬ್ಬರ್ ಮರವೊಂದು ತಂತಿಯ ಮೇಲೆ ಒರಗಿತೆಂದರೆ ಐದು ದಿನ ಯಾವ ಲೆಕ್ಕ? ನಾನು ಹತ್ತು ಮಾಡಿದೆ.

ಎಲ್ಲ ಮುಗಿಯಿತು ಎನ್ನುವಾಗ ಲೆಕ್ಕಪತ್ರದವರು ಬಂದರು. "ಸಾರ್, ನನ್ನ ಲಾಟರಿಯನ್ನು ನಿಮ್ಮ ಗೇಟಿನಲ್ಲಿ ಹಿಡಿದಿಟ್ಟಿದ್ದೀರಂತೆ?" ಸ್ಪ್ಯಾಮ್‌ಅಸಾಸಿನ್ ಎಂಬ ಸೋಸುವ ತಂತ್ರಾಂಶ ಪ್ರತಿ ಇಮೇಲಿಗೂ ಅಂಕ ಹಾಕುತ್ತದೆ, ಐದಕ್ಕೆ ಮುಟ್ಟಿದ್ದು ಸ್ಪ್ಯಾಮ್. ಲಾಟರಿ, ಕೋಟಿ, ಬಹುಮಾನ ಎಂದು ಒಂದೇ ಉಸಿರಿಗೆ ಹೇಳುವ ಇಮೇಲಿಗೆ ಐದೇನು ಮಹಾ! ಕರ್ನಾಟಕದಲ್ಲಿ 2007ರಿಂದ ಲಾಟರಿಯೇ ನಿಷೇಧ, ಅಲ್ಲಿ ಇದು ಸರಿ. ಗಡಿಯ ಈಚೆ ಅದು 1967ರಲ್ಲಿ ಸರಕಾರವೇ ಶುರು ಮಾಡಿದ ಇಲಾಖೆ. ಮೂರು ಗಂಟೆಗೆ ಡ್ರಾ, ಸಂಜೆಯೊಳಗೆ ಅವರ ಅಳಿಯ ಕಾಸರಗೋಡಿನಿಂದ ಫಲಿತಾಂಶದ ಪಿಡಿಎಫ್ ಕಳಿಸುವುದು ವಾಡಿಕೆ.

ಕಾರ್ಯದರ್ಶಿಗಳ ಸಮಕ್ಷಮ ಮಾತುಕತೆಯಾಯಿತು. ಲಂಡನ್ನಿನಿಂದ ಬರುವ ಲಾಟರಿಗೆ ಬಾಗಿಲಲ್ಲೇ 550, ಅಳಿಯನ ಲಾಟರಿಗೆ ರಹದಾರಿ. ಬಂಪರ್ ಹೊಡೆದರೆ ಮುಳ್ಳೇರಿಯದ ಸರ್ವರಿಗೆ ಹೊಸ ಯುಪಿಎಸ್ ತನ್ನ ಖರ್ಚಿನಲ್ಲಿ ಎಂದು ಲೆಕ್ಕಪತ್ರದವರು ಒಪ್ಪಿಕೊಂಡರು. ಕಾರ್ಯದರ್ಶಿಗಳು ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಕೊಂಡಿದ್ದಾರೆ. ಓಣಂ ಬಂಪರಿನ ಟಿಕೇಟು ಖರೀದಿಯಾಗಿದೆ.