ದುಬಾರೆಯ ಸಿಗಡಿಬಂಧ ಸೂತ್ರ: ಭಾಷ್ಯ ಸಮೇತ

ಸೂತ್ರ 1: ಇನ್ನು ಸಿಗಡಿಯ ವಿಚಾರ.

‘ಇನ್ನು’ ಎಂದರೆ ಊಟವಾದ ಮೇಲೆ ಎಂದು ತಿಳಿಯತಕ್ಕದ್ದು. ಹೊಟ್ಟೆ ತುಂಬಿದವನಿಗಷ್ಟೇ ಈ ಶಾಸ್ತ್ರದಲ್ಲಿ ಅಧಿಕಾರ. ಹಸಿದವನು ಬಲೆ ಬೀಸುತ್ತಾನೆ. ಹುಂಜದ ಗರಿ, ನೈಲಾನ್ ದಾರ, ಉಗುರುಬಣ್ಣ ಹರವಿಕೊಂಡು ಕೊಕ್ಕೆಯ ಮೇಲೆ ಸುಳ್ಳು ಸಿಗಡಿ ಕಟ್ಟುತ್ತ ಕೂರುವ ವ್ಯವಧಾನ ಅವನಿಗೆಲ್ಲಿಯದು? ಹೀಗೆ ಕಟ್ಟಿದ್ದಕ್ಕೆ ಬಲ್ಲವರು ‘ಫ್ಲೈ’ ಎನ್ನುತ್ತಾರೆ. ಅದನ್ನು ಮೀನು ನಿಜವೆಂದು ನಂಬಬೇಕು, ಕಟ್ಟಿದವನು ಕಲೆಯೆಂದು ನಂಬಬೇಕು. ಎರಡನೆಯದು ಸುಲಭ.

ಪೂರ್ವಪಕ್ಷಿಯ ಆಕ್ಷೇಪ: ದುಬಾರೆಯಲ್ಲಿ ಇರುವುದು ಆನೆ ಶಿಬಿರ, ದೋಣಿ, ರ‍್ಯಾಫ್ಟಿಂಗ್. ಉಪ್ಪುನೀರಿನ ಸಿಗಡಿಗೆ ಇಲ್ಲೇನು ಕೆಲಸ?

ಸಮಾಧಾನ: ದುಬಾರೆಯಲ್ಲಿ ಹರಿಯುವುದು ಕಾವೇರಿ. ಕಾವೇರಿ ಪೂಂಪುಹಾರಿನಲ್ಲಿ ಕಡಲು ಸೇರುತ್ತದೆ. ಆದ್ದರಿಂದ ದುಬಾರೆಯೂ ಕಡಲತೀರವೇ. ಅಲೆ ಬರುವುದು ಕೊಂಚ ತಡವಾಗಿದೆ, ಅಷ್ಟೆ. ನಡುವೆ ಮೆಟ್ಟೂರು, ಕೃಷ್ಣರಾಜಸಾಗರ ಅಡ್ಡ ನಿಂತಿರುವುದು ನೀರಾವರಿಯವರ ವಿಷಯ, ತರ್ಕಶಾಸ್ತ್ರದ್ದಲ್ಲ. ಕಾವೇರಿಯಲ್ಲೇ ಸಿಹಿನೀರಿನ ಸಿಗಡಿಗಳಿವೆಯಲ್ಲ, ಅವುಗಳನ್ನೇ ಅನುಕರಿಸಬಾರದೇ ಎಂದರೆ, ಹತ್ತಿರದಲ್ಲಿರುವುದನ್ನು ಅನುಕರಿಸುವುದು ಶಾಸ್ತ್ರವಾಗುವುದಿಲ್ಲ. ಪೂರ್ವಪಕ್ಷಿ ಮತ್ತೂ ಹಟ ಹಿಡಿದರೆ ಘಟ್ಟ ಹತ್ತಿ ಬಂದ ಒಣಸಿಗಡಿಯನ್ನು ಅವನ ಮೂಗಿಗೆ ಹಿಡಿಯುವುದು. ಪ್ರತ್ಯಕ್ಷಕ್ಕಿಂತ ದೊಡ್ಡ ಪ್ರಮಾಣವಿಲ್ಲ.

ಸೂತ್ರ 2: ತಲೆ ಹಿಂದೆ, ಬಾಲ ಮುಂದೆ, ಮೊನೆ ಮೇಲೆ.

ಇದು ಶಾಸ್ತ್ರದ ಹೃದಯ. ಹೆದರಿದ ಸಿಗಡಿ ಬಾಲವನ್ನು ಹೊಟ್ಟೆಯಡಿಗೆ ಥಟ್ಟನೆ ಮಡಚಿ ಹಿಂದಕ್ಕೆ ಚಿಮ್ಮುತ್ತದೆ. ದಾರ ಎಳೆದಾಗ ಸುಳ್ಳು ಸಿಗಡಿಯೂ ಹಾಗೆಯೇ ಓಡಬೇಕಾದರೆ ದಾರ ಕಟ್ಟುವ ತುದಿಗೆ ಬಾಲ ಬರಬೇಕು, ಕೊಕ್ಕೆ ಬಾಗುವ ಕಡೆಗೆ ತಲೆ. ದಪ್ಪ ನೈಲಾನ್ ದಾರದ ತುದಿಯನ್ನು ಲೈಟರಿಗೆ ಹಿಡಿದರೆ ಕರಗಿ ಸಾಸಿವೆಕಾಳಿನಂತೆ ಗುಂಡಗಾಗುತ್ತದೆ; ಅವೇ ಕಣ್ಣುಗಳು. ಕಾಲುಗಳಿಗೆ ಹುಂಜದ ಕುತ್ತಿಗೆಯ ಗರಿಯನ್ನು ಸುರುಳಿ ಸುತ್ತಬೇಕು. ತೋಟದ ಹುಂಜ ಒಪ್ಪದಿದ್ದರೆ ಹಬ್ಬದವರೆಗೆ ಕಾಯುವುದು. ಕೊಕ್ಕೆಯ ಕಡ್ಡಿಯ ಮೇಲ್ಗಡೆ ಎರಡು ಭಾರದ ಮಣಿ ಬಿಗಿದರೆ ನೀರಿಗೆ ಬಿದ್ದೊಡನೆ ಇಡೀ ಕಟ್ಟು ಮಗುಚಿ ಮೊನೆ ಮೇಲಾಗುತ್ತದೆ, ತಳದ ಬಂಡೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಹೀಗಾಗಿ ಕಟ್ಟುವಾಗ ಕಾಣುವ ಬೆನ್ನೇ ನೀರಿನಲ್ಲಿ ಹೊಟ್ಟೆ. ಇದನ್ನು ಮರೆತ ಶಿಷ್ಯರು ಅಂಗಾತ ಬಿದ್ದ ಸಿಗಡಿಯನ್ನು ಬಲು ಅಂದವಾಗಿ ಕಟ್ಟುತ್ತಾರೆ. ಕೊನೆಯ ಗಂಟಿನ ಮೇಲೆ ಉಗುರುಬಣ್ಣ. ಮನೆಯಲ್ಲಿ ಕೇಳಿಯೇ ತೆಗೆದುಕೊಳ್ಳತಕ್ಕದ್ದೆಂದು ವೃತ್ತಿಕಾರರ ಎಚ್ಚರಿಕೆ.

ಭಾರದ ಮಣಿಯ ಈ ಪಂಥಕ್ಕೆ ಹೆಸರು ತಂದವರು ಬಾಬ್ ನೌಹೈಮ್ ಎಂಬ ಅಮೆರಿಕದವರು. 1970ರ ದಶಕದಲ್ಲಿ ಬಹಾಮಾಸಿನ ಆಂಡ್ರೋಸ್ ದ್ವೀಪದಲ್ಲಿ ತಮಗೆ ದಾರಿ ತೋರಿದ ಚಾರ್ಲಿ ಸ್ಮಿತ್ ಅವರ ಹೆಸರಿನಲ್ಲಿ ಕಟ್ಟಿದ ಫ್ಲೈ ‘ಕ್ರೇಜಿ ಚಾರ್ಲಿ’ ಎಂದು ಲೋಕಪ್ರಸಿದ್ಧವಾಯಿತು. ಗುರುವಿನ ಹೆಸರಿಗೆ ‘ಹುಚ್ಚ’ ಎಂಬ ಬಿರುದು ಸೇರಿಸುವ ಪದ್ಧತಿ ನಮ್ಮ ಪರಂಪರೆಯಲ್ಲಿ ಇನ್ನೂ ಬಂದಿಲ್ಲ, ಬಾಯಲ್ಲಿ ಇದೆ.

ಸೂತ್ರ 3: ಮೂಲಪ್ರತಿಯ ಮೇಲೆ ಕಾಫಿ ಚೆಲ್ಲಿರುವುದರಿಂದ ಪಾಠ ಅಸ್ಪಷ್ಟ.

ಸೂತ್ರ 4: ಉಂಡೆ ಅನಾದಿ.

ಇಲ್ಲಿ ಭಾಷ್ಯಕಾರನಿಗೆ ಸಂಕಟ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ, ಯಾವ ಮೀನಿಗೆ ಯಾವ ತಿನಿಸು, ಗಾಳ ಹಾಕುವುದು ಹೇಗೆ ಎಂಬುದೆಲ್ಲ ಅಲ್ಲಿ ಬರುತ್ತದೆ. ಲೈಟರಿನಲ್ಲಿ ಸುಟ್ಟ ನೈಲಾನ್ ಕಣ್ಣಿನ ಸುದ್ದಿಯಿಲ್ಲ. ಕಾವೇರಿಯ ಗಾಳಗಾರರದೂ ಅದೇ ಸಂಪ್ರದಾಯ: ರಾಗಿಹಿಟ್ಟು ಕಲಸಿ, ಬೇಯಿಸಿ, ಗಟ್ಟಿ ಉಂಡೆ ಕಟ್ಟಿ ಕೊಕ್ಕೆಗೆ ಸಿಕ್ಕಿಸುವುದು. ಬಿಳಿಮೀನು, ಅಂದರೆ ಮಶೀರ್, ಏಡಿ, ಬಸವನಹುಳು, ಸಣ್ಣ ಮೀನು, ನದಿಗೆ ಉದುರಿದ ಹಣ್ಣು ಎಲ್ಲವನ್ನೂ ತಿನ್ನುತ್ತದೆ, ರಾಗಿಗೂ ಬೇಡವೆನ್ನುವುದಿಲ್ಲ. ದುಬಾರೆಯ ದಂಡೆಯ ಮೇಲೆ ದಸರಾ ಆನೆಗೆ ಬೆಲ್ಲದ ಜೊತೆ ರಾಗಿಮುದ್ದೆ, ನೀರೊಳಗಿನ ಮೀನಿಗೂ ರಾಗಿಮುದ್ದೆ, ದೋಣಿಯವನ ಮನೆಯಲ್ಲೂ ಅದೇ. ಇಷ್ಟು ದೊಡ್ಡ ಪಂಕ್ತಿಯಲ್ಲಿ ಸಿಗಡಿಯನ್ನು ಎಲ್ಲಿ ಕೂರಿಸುವುದು?

ಪರಿಹಾರ: ಉಂಡೆ ಕಟ್ಟಲು ಎರಡು ನಿಮಿಷ ಸಾಕು. ಎರಡು ನಿಮಿಷದ ಕೆಲಸದ ಮೇಲೆ ಭಾಷ್ಯ ಬರೆಯಲಾಗದು. ಆದ್ದರಿಂದ ಸಿಗಡಿಯೇ ಗ್ರಾಹ್ಯ.

ಸೂತ್ರ 5: ಹಿಡಿದದ್ದನ್ನು ಬಿಡತಕ್ಕದ್ದು.

ವಾಲ್ನೂರಿನ ಹತ್ತಿರ ಕೊಡಗು ವನ್ಯಜೀವಿ ಸಂಘ ನೋಡಿಕೊಳ್ಳುವ ನೀರಿನಲ್ಲಿ ಸಿಕ್ಕ ಮಶೀರನ್ನು ಜೀವಸಹಿತ ಬಿಡಬೇಕೆಂಬುದು ಕಟ್ಟಳೆ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದರೆ ಬಿಡಿಸುವುದು ಸಲೀಸು. ಕಾರಣ ಗಂಭೀರವಾಗಿದೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಶೀರ್ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದು ತೀವ್ರ ಅಪಾಯದ ಪಟ್ಟಿ ಸೇರಿತು. ಅದರ ಶಾಸ್ತ್ರಸಮ್ಮತ ಹೆಸರು ಯಾವುದೆಂದು ಖಚಿತವಾದದ್ದೂ ಅದೇ ವರ್ಷ: ಪಾಂಬಾರು ಎಂಬ ಉಪನದಿಯ ಮೀನಿಗೆ ಮೊದಲೇ ಇಟ್ಟಿದ್ದ ‘ತೋರ್ ರೆಮದೇವಿ’. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳಗಾರಿಕೆಯ ಮೇಲೆ ಗ್ರಂಥವನ್ನೇ ಅಚ್ಚು ಹಾಕಿಸಿದ್ದು 1873ರಲ್ಲಿ. ಅಲ್ಲಿಂದ ಮುಂದೆ ನೂರಾ ನಲವತ್ತೈದು ವರ್ಷ ಫ್ಲೈಗಳಿಗೆ ಒಂದೊಂದಕ್ಕೂ ನಾಮಕರಣ ನಡೆಯಿತು. ಮೀನು ಸರದಿಯಲ್ಲಿ ಕಾದಿತ್ತು.

ಬಿಡುವ ಕಟ್ಟಳೆಯಿಂದ ಶಾಸ್ತ್ರಕ್ಕೆ ಆದ ಲಾಭ ಇನ್ನೊಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಶೀರ್ 120 ಪೌಂಡ್ ತೂಗಿತು. ತಕ್ಕಡಿಗೆ ಹಾಕಿದ ತಪ್ಪಿಗೆ ಆ ಮೀನು ಇವತ್ತಿಗೂ ಅಷ್ಟೇ ಇದೆ, ಒಂದು ಔನ್ಸೂ ಬೆಳೆದಿಲ್ಲ. ಬಿಟ್ಟ ಮೀನಿಗೆ ಆ ಬಂಧನವಿಲ್ಲ. ಕುಶಾಲನಗರದ ಚಹಾದಂಗಡಿಯಲ್ಲಿ ಅದು ಐದು ಕಿಲೋ, ಹುಣಸೂರು ದಾಟುವಾಗ ಒಂಬತ್ತು. ಬೆಂಗಳೂರು ಮುಟ್ಟುವಷ್ಟರಲ್ಲಿ ರಾಡ್ ಮುರಿದಿರುತ್ತದೆ.

ಫೋಟೋದಲ್ಲಿ ಮೀನು ಹಿಡಿದ ತೋಳನ್ನು ಪೂರಾ ಮುಂದಕ್ಕೆ ಚಾಚತಕ್ಕದ್ದು ಎಂಬ ಆರನೆಯ ಸೂತ್ರ ಪ್ರಕ್ಷಿಪ್ತವೆಂದು ಪಂಡಿತರ ಮತ. ಪಾಲಿಸದವರನ್ನು ಮಾತ್ರ ಇದುವರೆಗೆ ಯಾರೂ ಕಂಡಿಲ್ಲ.