ತಿರುಗದ ಸ್ಕ್ರೂಡ್ರೈವರ್

ಕಾರ್ಡ್‌ಲೆಸ್ ಸ್ಕ್ರೂಡ್ರೈವರ್ ಎಂದರೆ ಹಿಡಿಯೊಳಗೆ ಅಡಗಿದ ಬ್ಯಾಟರಿ, ಪುಟ್ಟ ಮೋಟಾರು, ನಾಲ್ಕಾರು ಹಲ್ಲಿನ ಚಕ್ರಗಳು. ಮನೆಬಳಕೆಯ ಸಣ್ಣ ಮಾದರಿಗಳಲ್ಲಿ ಸಾಮಾನ್ಯವಾಗಿ 3.6 ವೋಲ್ಟಿನ ಒಂದೇ ಲಿಥಿಯಂ ಸೆಲ್ ಇರುತ್ತದೆ. ಮೋಟಾರಿನ ಅವಸರವನ್ನು ಗೇರುಗಳು ತಗ್ಗಿಸಿ ಬಲ ಹೆಚ್ಚಿಸುತ್ತವೆ. ಜೊತೆಗೆ ಬರುವ ಬಿಟ್‌ಗಳಲ್ಲಿ ಬಳಕೆಯಾಗುವುದು ಒಂದೋ ಎರಡೋ, ಕಳೆದುಹೋಗುವುದೂ ಅವೇ.

ಯಂತ್ರ ಸತ್ತಿತೆಂದು ಸಾರುವ ಮೊದಲು ದಿಕ್ಕು ಬದಲಿಸುವ ಗುಂಡಿಯನ್ನು ನೋಡುವುದು ಕ್ಷೇಮ. ಅದು ನಡುವೆ ನಿಂತಿದ್ದರೆ ಹಲವು ಮಾದರಿಗಳಲ್ಲಿ ಸ್ವಿಚ್ಚೇ ಒತ್ತುವುದಿಲ್ಲ. ಮೋಟಾರು ಗುಂಯ್‌ಗುಟ್ಟಿದರೂ ಸ್ಕ್ರೂ ಒಳಗಿಳಿಯದಿದ್ದರೆ ದಿಕ್ಕು ಉಲ್ಟಾ. ಕ್ಲಚ್ ಇರುವ ಮಾದರಿ ಟಕಟಕ ಎಂದು ನಿಂತರೆ ಅದು ರೋಗವಲ್ಲ, ವಿವೇಕ. ಕ್ಲಚ್ಚಿನ ಉಂಗುರವನ್ನು ಮೇಲಿನ ಅಂಕಿಗೆ ತಿರುಗಿಸಿದರೆ ಮತ್ತೆ ದುಡಿಯುತ್ತದೆ.

ನಿಜವಾದ ತಲೆನೋವು ಬಿಟ್ ಜಾರುವುದು. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಪ್ಲಸ್ ತಲೆಯ ಸ್ಕ್ರೂವಿನ ಒಳ ಅಂಚುಗಳು ಇಳಿಜಾರು. ಒತ್ತಿ ಹಿಡಿಯದಿದ್ದರೆ ಬಿಟ್ ಮೇಲೆದ್ದು ಬರುತ್ತದೆ. ಎರಡನೇ ನಂಬರಿನ ತಲೆಗೆ ಒಂದನೇ ನಂಬರಿನ ಬಿಟ್ ತುರುಕಿ ಹಟ ಹಿಡಿದರಂತೂ ಪ್ಲಸ್ಸು ಸವೆದು ಬಟ್ಟಲಾಗುತ್ತದೆ. ಆಮೇಲೆ ಇಕ್ಕಳವೇ ಗತಿ. ತೇಗ, ಹೊನ್ನೆಯಂಥ ಗಟ್ಟಿ ಮರಕ್ಕೆ ಮೊದಲೇ ಸಣ್ಣ ತೂತು ಕೊರೆದು, ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿದರೆ ಕೆಲಸ ಹಗುರ.

ತಿಂಗಳುಗಟ್ಟಲೆ ಬರಿದಾಗಿ ಬಿದ್ದ ಬ್ಯಾಟರಿ ಹಾಳಾಗಬಹುದು. ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಡುವುದು ಮೇಲು. ಕೆಲಸದ ನಡುವೆ ಬ್ಯಾಟರಿ ಸುಸ್ತಾದರೂ, ತುದಿಯನ್ನು ಅಲುಗದಂತೆ ಹಿಡಿಯುವ ಸ್ಪಿಂಡಲ್ ಲಾಕ್ ಇದ್ದರೆ ಯಂತ್ರವನ್ನೇ ಕೈಯಿಂದ ತಿರುಗಿಸಿ ಕೊನೆಯ ಸುತ್ತುಗಳನ್ನು ಮುಗಿಸಬಹುದು.