ಸೂಚೀಸಖೀ ಮೀಮಾಂಸೆ

ಊಟವಾಗಿ, ಪಾತ್ರೆಗಳು ಬೋರಲು ಬಿದ್ದು, ಸಂಜೆಯ ಚಹಾಕ್ಕೆ ಇನ್ನೂ ಹೊತ್ತಿರುವಾಗ ಧಾರವಾಡದ ಪಡಸಾಲೆಯಲ್ಲಿ ನಾಲ್ಕೈದು ಗೆಳತಿಯರು ಕೂಡಿ ಬಟ್ಟೆಯ ಮೇಲೆ ಹೂ ಅರಳಿಸುವುದೇ ಕಸೂತಿ. ಇದು ಲಕ್ಷಣ. ಕೂಡುವುದು ಖಚಿತ, ಹೂ ಅರಳುವುದು ಖಚಿತವಲ್ಲವಾದ್ದರಿಂದ ಲಕ್ಷಣಕ್ಕೆ ಅವ್ಯಾಪ್ತಿ ದೋಷ ತಟ್ಟುತ್ತದೆಂದು ನೈಯಾಯಿಕರು ಆಕ್ಷೇಪಿಸಬಹುದು. ಆಕ್ಷೇಪಿಸಲಿ. ಅವರ ಕೈಯಲ್ಲಿ ಸೂಜಿಯಿಲ್ಲ.

ಬಟ್ಟೆಗೆ ಮುಖ, ಬೆನ್ನು ಎಂದು ಎರಡುಂಟೆ? ಇಲ್ಲಿ ಮತಗಳು ಒಡೆಯುತ್ತವೆ. ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆ ಹಾಕುವವರು ಅದ್ವೈತಿಗಳು. ಸೂಜಿ ನಡುನಡುವೆ ಜಾಗ ಬಿಡುತ್ತ ಮುಂದೆ ಹೋಗುತ್ತದೆ, ತಿರುಗಿ ಬರುವಾಗ ಬಿಟ್ಟದ್ದನ್ನೆಲ್ಲ ತುಂಬುತ್ತದೆ. ಗಂಟು ನಿಷಿದ್ಧ. ಇಳಕಲ್ ಸೀರೆಯ ಸೆರಗನ್ನು ಹೇಗೆ ಮಗುಚಿದರೂ ಅದೇ ಕಮಲ. ಮುಖ-ಬೆನ್ನಿನ ಭೇದ ಬರಿಯ ಭ್ರಾಂತಿ. ಶಾಲೆಯ ಕ್ರಾಫ್ಟ್ ಪಿರಿಯಡ್ಡಿನಲ್ಲಿ ಲೇಜಿ ಡೇಜಿ ಕಲಿತವರು ಕಟ್ಟಾ ದ್ವೈತಿಗಳು. ಅವರಿಗೆ ಪಂಚಭೇದ ಸತ್ಯ: ಮುಂಬದಿಗೂ ಹಿಂಬದಿಗೂ ಭೇದ, ಹೂವಿಗೂ ಹೂವಿಗೂ ಭೇದ, ಹೂವಿಗೂ ಎಲೆಗೂ ಭೇದ (ಹಸಿರು ದಾರ ಮುಗಿದ ದಿನ ಇದು ತೊಡಕಾಗುತ್ತದೆ), ಕಾರ್ಬನ್ ಕಾಗದದ ಹೂವಿಗೂ ಬಟ್ಟೆಯ ಹೂವಿಗೂ ಭೇದ, ತನ್ನ ಹೂವಿಗೂ ಗೆಳತಿಯ ಹೂವಿಗೂ ಭೇದ. ಕೊನೆಯದರಲ್ಲಿ ತಾರತಮ್ಯವೂ ಉಂಟು. ಬೆನ್ನಿನ ಗಂಟುಗಳ ಮೇಲೆ ಲೈನಿಂಗ್ ಹೊಲಿದು, ಎರಡೂ ಸೇರಿ ಒಂದೇ ಜಂಪರ್ ಎನ್ನುವವರನ್ನು ವಿಶಿಷ್ಟಾದ್ವೈತಿಗಳೆಂದು ತಿಳಿಯತಕ್ಕದ್ದು.

ಅದ್ವೈತದ ಈ ಹೊಲಿಗೆಯ ಜಾತಿಯನ್ನು ಯುರೋಪಿನವರು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಅದನ್ನು ಹಾಕಿದವನಲ್ಲ, ಹಾಕಿದ ಅಂಗಿ ತೊಟ್ಟವರ ಚಿತ್ರ ಬರೆದವನು. ಧಾರವಾಡದಲ್ಲೂ ಇದೇ ಪದ್ಧತಿ ಇದ್ದಿದ್ದರೆ ಹೊಲಿಗೆಗಳಿಗೆಲ್ಲ ಪೇಪರ್ ಹಿಡಿದು ಮೂಲೆಯಲ್ಲಿ ಕೂತ ಮಾವನವರ ಹೆಸರೇ ಬೀಳುತ್ತಿತ್ತು.

ಸಸ್ಯಶಾಸ್ತ್ರದವರದ್ದೂ ಒಂದು ತಕರಾರಿದೆ. ಕಸೂತಿಯನ್ನು ಗೆರೆ ಎಳೆದುಕೊಳ್ಳದೆ ಎಳೆ ಎಣಿಸಿ ಹಾಕಬೇಕು. ಸೂಜಿ ಅಡ್ಡ ಹೋದೀತು, ಉದ್ದ ಹೋದೀತು, ಓರೆಯಾಗಿಯೂ ಹೋದೀತು, ದುಂಡಗೆ ಹೋಗದು. ಆದ್ದರಿಂದ ಅಲ್ಲಿನ ಕಮಲಕ್ಕೆ ಮೂಲೆಗಳಿವೆ. ಪಕ್ಕದಲ್ಲೇ ಗೋಪುರ, ತೇರು, ಆನೆ. ಆನೆಯ ಮಗ್ಗುಲಿಗೆ ಆನೆಯಷ್ಟೇ ಕಮಲ ಅರಳಿದರೂ ಯಾವ ಆನೆಯೂ ದೂರು ಕೊಟ್ಟ ದಾಖಲೆಯಿಲ್ಲ. ಲೇಜಿ ಡೇಜಿಯಲ್ಲಾದರೋ ಗುಲಾಬಿಯಾಗಲಿ ಮಲ್ಲಿಗೆಯಾಗಲಿ ಐದೇ ಎಸಳು, ನಡುವೆ ಹಳದಿ ಫ್ರೆಂಚ್ ನಾಟ್. ಈ ನಾಟಿನಲ್ಲಿ ಸೂಜಿ ಬಂದ ತೂತಿಗೇ ಮರಳಿದರೆ ಗಂಟು ಹಿಂದಕ್ಕೆ ಜಾರಿ ಮಾಯವಾಗುತ್ತದೆ. ಕೂದಲೆಳೆಯಷ್ಟು ಪಕ್ಕಕ್ಕೆ ಚುಚ್ಚಬೇಕು. ಪುನರ್ಜನ್ಮವಾದಿಗಳು ಇದನ್ನು ಇನ್ನೂ ಗಮನಿಸಿಲ್ಲ.

ಈಗ ಮುಖ್ಯ ಪ್ರಮೇಯ: ಗೆಳತಿಯರು ಹೆಚ್ಚಿದಂತೆ ಹೂಗಳು ಕಡಿಮೆಯಾಗುತ್ತವೆ. ಕಾರಣ ಎಣಿಕೆ. ಒಂದೆಳೆ ತಪ್ಪಿದರೂ ಹೋದ ಸೂಜಿ ಹೊರಟಲ್ಲಿಗೆ ಬಂದು ಸೇರದು, ಬಿಚ್ಚಬೇಕು. ‘ಎಣಸಾಕ ಹತ್ತೇನಿ, ಮಾತಾಡಸಬ್ಯಾಡ್ರವಾ’ ಎಂದು ಒಬ್ಬಾಕೆ ಅಂದರೆ, ‘ಇಲ್ಲಬಿಡವಾ, ನೀ ಎಣಸು. ಅಂದಂಗ ಆ ಹುಡುಗಿ ಲಗ್ನ ಎಲ್ಲಿಗೆ ಬಂತು?’ ಎಂದು ಇನ್ನೊಬ್ಬಾಕೆ. ಅಲ್ಲಿಗೆ ಆ ಕಮಲದ ಆಯುಷ್ಯ ಮುಗಿಯಿತು. ಮಾತೂ ಗವಂತಿಯ ಕ್ರಮದಲ್ಲೇ ನಡೆಯುವುದನ್ನು ಗಮನಿಸಬೇಕು. ಒಬ್ಬಳು ಸುದ್ದಿ ಹೇಳುತ್ತ ನಡುನಡುವೆ ಬಿಟ್ಟುಹೋಗುತ್ತಾಳೆ. ಇನ್ನೊಬ್ಬಳು ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾಳೆ. ಸುದ್ದಿ ಎಲ್ಲಿ ಶುರುವಾಯಿತೆಂದು ತೋರಿಸಲು ಒಂದು ಗಂಟೂ ಸಿಗದು. ಕಸೂತಿಯದೇ ಇನ್ನೊಂದು ಹೊಲಿಗೆಯಾದ ಮೆಂತೆ ಹಾಕುವಾಕೆಯ ಮಾತು ಮಾತ್ರ ಅವಳ ಹೊಲಿಗೆಯಂತೆಯೇ ಒತ್ತೊತ್ತಾಗಿದ್ದು, ದಾರ ಬಹಳ ತಿನ್ನುತ್ತದೆ.

ಪೂರ್ವಪಕ್ಷ: ಹಾಗಿದ್ದರೆ ಅವರವರ ಮನೆಯಲ್ಲಿ ಒಬ್ಬೊಬ್ಬರೇ ಕೂತು ಹಾಕಬಾರದೇಕೆ? ಸಿದ್ಧಾಂತ: ಬರಿಗೈಲಿ ಕೂತ ಸೊಸೆಯನ್ನು ಅಕ್ಕಿ ಆರಿಸಲು ಕರೆಯಬಹುದು. ಸೂಜಿ ಹಿಡಿದವಳನ್ನು ಎಬ್ಬಿಸುವ ವಿಧಿ ಯಾವ ಅತ್ತೆಯ ಸ್ಮೃತಿಯಲ್ಲೂ ಇಲ್ಲ. ಕೈ ಕೆಲಸದಲ್ಲಿದೆ, ಬಾಯಿಯ ಬಗ್ಗೆ ಶಾಸ್ತ್ರ ಮೌನ. ಮದುವಣಗಿತ್ತಿಯ ಕರಿಯ ಚಂದ್ರಕಾಳಿ ಸೀರೆಯನ್ನೇ ತೆಗೆದುಕೊಳ್ಳಿ. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದೆಂದರೆ ಕಣ್ಣಿಗೆ ಶಿಕ್ಷೆ, ಕೆಲಸ ಮುಗಿಯುವುದೇ ಇಲ್ಲ. ಇಷ್ಟು ಬಣ್ಣಗಳಿದ್ದೂ ಹಿರಿಯ ಹೆಂಗಸರು ಅದನ್ನೇ ಒಪ್ಪಿಕೊಂಡ ದೂರದೃಷ್ಟಿ ಈಗ ಅರ್ಥವಾಗುತ್ತದೆ. ಧಾರವಾಡದ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದರ ಜೊತೆಗಿನ ಹರಟೆಗೆ ಅರ್ಜಿ ಹಾಕಿದವರಿಲ್ಲ. ಅದು ಇನ್ನೂ ಅಸಂರಕ್ಷಿತ.

ಉಳಿದದ್ದು ಋಣವಿಚಾರ. ಆಂಕರ್ ದಾರದ ಒಂದು ಲಡಿ 8 ಮೀಟರ್, ಅದರಲ್ಲಿ 6 ಎಳೆ. ಎರಡೆರಡಾಗಿ ಬಿಡಿಸಿದರೆ 24 ಮೀಟರ್ ಆಗಬೇಕೆಂದು ಗಣಿತ ಹೇಳುತ್ತದೆ. ಕಡ ಕೊಟ್ಟ ಲಡಿ ಮರಳುವಾಗ ಗೇಣುದ್ದ ಇರುತ್ತದೆ, ಅದೂ ಬೇರೆ ಹಸಿರು. ‘ನಂದು ಗಿಳಿಹಸರ ಇತ್ತಲ್ಲವಾ?’ ‘ತೊಳದ ಮ್ಯಾಲ ಹಿಂಗಾಗೇತಿ ತಗೋ.’ ಇಷ್ಟಕ್ಕೇ ಮಾತು ಬಿಟ್ಟ ಗೆಳತಿಯರುಂಟು. ಆದರೂ ಮರುದಿನ ಊಟವಾದ ಮೇಲೆ ಇಬ್ಬರೂ ಅದೇ ಪಡಸಾಲೆಗೆ ಬರುತ್ತಾರೆ, ಇವಳು ಬಾಗಿಲ ಕಡೆ ತಿರುಗಿ, ಅವಳು ಗೋಡೆಯ ಕಡೆ ತಿರುಗಿ ಸೂಜಿ ಏರಿಸುತ್ತಾರೆ. ಮುಖಕ್ಕೂ ಬೆನ್ನಿಗೂ ಭೇದವುಂಟೆಂಬುದನ್ನು ಗವಂತಿಯವರು ಒಪ್ಪಿಕೊಂಡದ್ದು ಆ ಒಂದು ಸಂದರ್ಭದಲ್ಲಿ ಮಾತ್ರ.